ಗಾಲಿ ಮೇಲಿನ ಸಂಸಾರ

ಅಮೆರಿಕದಲ್ಲಿ ನಿವೃತ್ತರಾದ ಕೆಲವರು ಮನೆ ಮಾರಿ, ಅಡುಗೆಮನೆ, ಮಂಚ, ಕಕ್ಕಸು ಎಲ್ಲ ಒಳಗೇ ಇರುವ ಮೋಟರ್‌ಹೋಮ್‌ನಲ್ಲಿ ವರ್ಷಗಟ್ಟಲೆ ತಿರುಗುತ್ತಾರೆ. ನಮ್ಮ ಕೊಟ್ಟೂರು ಸೀಮೆಗೆ ಇದೇನು ಹೊಸದು? ಭರತ ಹುಣ್ಣಿಮೆಗೆ ಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಗೆ ಹೊರಟ ಕೊಲ್ಲಾರಿ ಬಂಡಿ ನೋಡಿ. ಬಾಗಿಸಿದ ತಟ್ಟಿಯೇ ಚಾವಣಿ, ಹುಲ್ಲೇ ಮೆತ್ತೆ. ರಾತ್ರಿ ಮಲಗಿದ ಮೆತ್ತೆಯನ್ನು ಬೆಳಿಗ್ಗೆ ಇಂಜಿನ್ನೇ ಮೇಯ್ದುಬಿಡುತ್ತದೆ! ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇದ್ದಮೇಲೆ ಫ್ರಿಜ್ಜು ಯಾಕೆ? ಕಕ್ಕಸಿನ ವಿಷಯದಲ್ಲಿ ಮಾತ್ರ ಅಮೆರಿಕದವರೇ ವಾಸಿ, ಒಪ್ಪೋಣ.

ಈಗೀಗ ಟ್ರ್ಯಾಕ್ಟರ್ ಟ್ರೇಲರಿಗೆ ತಾಡಪಾಲು ಕಟ್ಟುತ್ತಾರೆ. ಜಾಗ ಜಾಸ್ತಿ, ಆದ್ದರಿಂದ ಬೀಗರೂ ಜಾಸ್ತಿ. ಮೈಲಾರದ ಕಾರ್ಣಿಕದ ಭವಿಷ್ಯವಾಣಿ ಕೇಳಿ ಮನೆಗೆ ಬಂದು ಮೈ ಆರಿಸಿಕೊಳ್ಳುವಷ್ಟರಲ್ಲಿ, ಮಾಘ ಬಹುಳದಲ್ಲೇ ಕೊಟ್ಟೂರೇಶ್ವರನ ತೇರು. ಬರೋದಾದರೆ ಬೇಗ ಬನ್ರಿ. ತಡವಾದರೆ ಬಂಡಿ ನಿಲ್ಲಿಸೋಕೂ ಜಾಗ ಸಿಗೋದಿಲ್ಲ.