ತಿಳಿನೀಲಿ, ಕಡುನೀಲಿ

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದಲ್ಲಿ ಡರ್ಹಮ್, ಚಾಪೆಲ್ ಹಿಲ್ ಎಂಬ ಎರಡು ಊರುಗಳಿವೆ. ಮೊದಲನೆಯದರಲ್ಲಿ ಡ್ಯೂಕ್ ವಿಶ್ವವಿದ್ಯಾಲಯ, ಎರಡನೆಯದರಲ್ಲಿ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯ. ನಡುವಿನ ದಾರಿ ಹೆಚ್ಚೆಂದರೆ ಹದಿನಾರು ಕಿಲೋಮೀಟರ್. ಒಂದೇ ಗಡಿಕಲ್ಲಿನ ಆಚೀಚೆ ಉಳುವ ದಾಯಾದಿಗಳಂತೆ ಇವುಗಳ ಬ್ಯಾಸ್ಕೆಟ್‌ಬಾಲ್ ತಂಡಗಳು ವರ್ಷಕ್ಕೆ ಕನಿಷ್ಠ ಎರಡು ಸಲ ಎದುರುಬದುರಾಗಿ ಲೆಕ್ಕ ಚುಕ್ತಾ ಮಾಡಲು ನೋಡುತ್ತವೆ. ಲೆಕ್ಕ ಶುರುವಾದದ್ದು 1920ರ ಜನವರಿಯಲ್ಲಿ, ಚುಕ್ತಾ ಇನ್ನೂ ಆಗಿಲ್ಲ.

ಹೊರಗಿನವರಿಗೆ ಮೊದಲ ತೊಡಕು ಬಣ್ಣದ್ದು. ಎರಡೂ ತಂಡಗಳದ್ದು ನೀಲಿಯೇ. ಕ್ಯಾರೊಲಿನಾದ್ದು ಬೇಸಿಗೆಯ ಆಕಾಶದ ತಿಳಿನೀಲಿ, ಡ್ಯೂಕ್‌ನದು ಶಾಯಿಯ ಕಡುನೀಲಿ. ಹತ್ತಿರದ ರಿಸರ್ಚ್ ಟ್ರಯಾಂಗಲ್ ಪಾರ್ಕ್‌ನಲ್ಲಿ ಕೆಲಸ ಹಿಡಿದು ಕೇರಿ, ಮಾರಿಸ್‌ವಿಲ್ ಎಂಬ ಊರುಗಳಲ್ಲಿ ಮನೆ ಮಾಡಿದ ಕನ್ನಡಿಗರು ಬಂದ ಹೊಸದರಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಒಂದು ನೀಲಿ ಟೀ ಶರ್ಟು ತಂದುಕೊಳ್ಳುವುದುಂಟು. ತಾವು ಒಂದು ಪಕ್ಷ ಸೇರಿದ್ದೇವೆ ಎಂಬುದು ಅವರಿಗೆ ಗೊತ್ತಾಗುವುದು ಮರುದಿನ ಆಫೀಸಿನ ಲಿಫ್ಟಿನಲ್ಲಿ.

ಹುಟ್ಟಿನಲ್ಲಿ ಮಾತ್ರ ಎರಡಕ್ಕೂ ಅಜಗಜಾಂತರ. ಕ್ಯಾರೊಲಿನಾ 1795ರಲ್ಲಿ ಬಾಗಿಲು ತೆರೆದ ಸರ್ಕಾರಿ ವಿಶ್ವವಿದ್ಯಾಲಯ, ವಿದ್ಯಾರ್ಥಿಗಳಲ್ಲಿ ಬಹುಪಾಲು ಅದೇ ರಾಜ್ಯದವರು. ಡ್ಯೂಕ್ ಖಾಸಗಿಯದು. ಟ್ರಿನಿಟಿ ಕಾಲೇಜೆಂದಿದ್ದ ಅದಕ್ಕೆ 1924ರಲ್ಲಿ ತಂಬಾಕಿನ ದೊರೆ ಜೇಮ್ಸ್ ಡ್ಯೂಕ್ ದುಡ್ಡು ಸುರಿದ ಮೇಲೆ ಹೆಸರೂ ಬದಲಾಯಿತು, ಕಟ್ಟಡಗಳೂ ಎದ್ದವು. ಹೀಗಾಗಿ ಕ್ಯಾರೊಲಿನಾದವರ ಕಣ್ಣಿಗೆ ಡ್ಯೂಕ್ ಎಂದರೆ ಹೊರರಾಜ್ಯದ ಶ್ರೀಮಂತರ ಮಕ್ಕಳು ಬಂದು ತಂಗುವ ಛತ್ರ. ಡ್ಯೂಕ್‌ನವರು ಇದನ್ನು ಅಲ್ಲಗಳೆಯುವ ಗೋಜಿಗೆ ಹೋಗುವುದಿಲ್ಲ, ಪ್ರವೇಶದ ಅಂಕಗಳನ್ನು ತೋರಿಸಿ ಸುಮ್ಮನಾಗುತ್ತಾರೆ. ಡ್ಯೂಕ್ ತಂಡದ ಅಡ್ಡಹೆಸರು ‘ಬ್ಲೂ ಡೆವಿಲ್ಸ್’, ಮೊದಲ ಮಹಾಯುದ್ಧದಲ್ಲಿ ಹೆಸರು ಮಾಡಿದ ಫ್ರೆಂಚ್ ಗುಡ್ಡಗಾಡು ಸೈನಿಕರಿಂದ ಎರವಲು ತಂದದ್ದು. ಕ್ಯಾರೊಲಿನಾದವರು ‘ಟಾರ್ ಹೀಲ್ಸ್’, ಅಂದರೆ ಟಾರು ಮೆತ್ತಿದ ಹಿಮ್ಮಡಿಯವರು. ಆದರೆ ಅವರ ಪ್ರತಿನಿಧಿಯಾಗಿ ಮೈದಾನಕ್ಕೆ ಬರುವುದು ಕೊಂಬಿಗೆ ನೀಲಿ ಬಳಿದುಕೊಂಡ ಟಗರು. 1924ರಲ್ಲಿ ಮೊದಲ ಟಗರನ್ನು ಟೆಕ್ಸಸ್‌ನಿಂದ ತರಿಸಿದ್ದರು. ಒಬ್ಬ ಫುಟ್‌ಬಾಲ್ ಆಟಗಾರ ಅದರ ತಲೆ ಸವರಿ ಹೋಗಿ ಒದ್ದ ಚೆಂಡು ಪಂದ್ಯ ಗೆದ್ದುಕೊಟ್ಟಿತು. ಅಂದಿನಿಂದ ಟಗರಿನ ಹುದ್ದೆ ಕಾಯಂ.

ಅಂಗಣಗಳ ಹೋಲಿಕೆಯಲ್ಲಿ ದೊಡ್ಡದೇ ಸೋಲುತ್ತದೆ. 1986ರ ಜನವರಿಯಲ್ಲಿ ಶುರುವಾದ ಕ್ಯಾರೊಲಿನಾದ ಡೀನ್ ಸ್ಮಿತ್ ಸೆಂಟರ್‌ನಲ್ಲಿ 21,000ಕ್ಕೂ ಹೆಚ್ಚು ಆಸನಗಳಿವೆ. ಅಂಕಣಕ್ಕೆ ಹತ್ತಿರದ ಒಳ್ಳೆಯ ಕುರ್ಚಿಗಳು ದೇಣಿಗೆ ಕೊಟ್ಟ ಹಿರಿಯರ ಪಾಲು. ಅವರು ಚಪ್ಪಾಳೆ ತಟ್ಟುವುದೂ ಸಂಗೀತ ಕಛೇರಿಗೆ ಬಂದವರ ಹಾಗೆ, ಅಳೆದು ತೂಗಿ. ಬೇರೊಂದು ತಂಡದ ಆಟಗಾರ ಸ್ಯಾಮ್ ಕ್ಯಾಸೆಲ್ ಇವರನ್ನು ವೈನ್ ಮತ್ತು ಚೀಸ್ ಗಿರಾಕಿಗಳೆಂದು ಹಂಗಿಸಿದ್ದು ಇಂದಿಗೂ ಚಾಲ್ತಿಯಲ್ಲಿದೆ. ಡ್ಯೂಕ್‌ನ ಕ್ಯಾಮರಾನ್ ಒಳಾಂಗಣ 1940ರದು, ಆಸನಗಳು 9,314. ಅಲ್ಲಿ ವಿದ್ಯಾರ್ಥಿಗಳು ಅಂಕಣದ ಗೆರೆಗೆ ಅಂಟಿಕೊಂಡು, ಪಂದ್ಯ ಮುಗಿಯುವ ತನಕ ನಿಂತೇ ಇರುತ್ತಾರೆ. ಚೆಂಡನ್ನು ಒಳಗೆಸೆಯಲು ಗೆರೆಯಾಚೆ ನಿಂತ ಎದುರಾಳಿ ಆಟಗಾರನ ಬೆನ್ನಿಗೆ ಇವರ ಉಸಿರು ತಾಗುತ್ತದೆ. ಮುಖಕ್ಕೆ ಬಳಿದ ನೀಲಿ ಬಣ್ಣವೂ ಒಮ್ಮೊಮ್ಮೆ ತಾಗುತ್ತದೆ.

ಆ ಜಾಗ ಗಿಟ್ಟಿಸುವ ಬಗೆಯೇ ಒಂದು ಅಧ್ಯಾಯ. ಟಿಕೆಟ್ಟಿಗೆ ವಿದ್ಯಾರ್ಥಿಗಳು ಕಾಸು ಕೊಡಬೇಕಿಲ್ಲ, ಅದಕ್ಕೇ ಇಷ್ಟು ತೊಂದರೆ. 1986ರಲ್ಲಿ ಕೆಲವರು ಕ್ರೀಡಾಂಗಣದ ಮುಂದಿನ ಹುಲ್ಲಿನಲ್ಲಿ ಡೇರೆ ಹಾಕಿ ಮಲಗಿದ್ದೇ ನೆಪವಾಗಿ ಅಲ್ಲೊಂದು ಊರೇ ಬೆಳೆಯಿತು. ಕೋಚ್ ಮೈಕ್ ಶಶೆಫ್‌ಸ್ಕಿ (ಇಂಗ್ಲಿಷಿನಲ್ಲಿ ಮೊದಲಕ್ಷರ ಕೆ) ಹೆಸರಿನ ಆ ಊರಿಗೆ ನಾಲಿಗೆ ಹೊರಳದವರು ಕೆ-ವಿಲ್ ಎನ್ನುತ್ತಾರೆ. ಹೊಸ ವರ್ಷ ಕಳೆದ ಮೇಲೆ, ಮೂಳೆ ಕೊರೆಯುವ ಚಳಿಯಲ್ಲಿ, ಡೇರೆಗೆ ಹನ್ನೆರಡು ಮಂದಿಯಂತೆ ವಾರಗಟ್ಟಲೆ ಬಿಡಾರ. ಪಾಳಿ ಹಾಕಿಕೊಂಡು ತರಗತಿಗೂ ಹೋಗಿಬರುತ್ತಾರೆ. ನಡುರಾತ್ರಿ ಸೈರನ್ ಕೂಗಿತೆಂದರೆ ಹಾಜರಿ. ನಿದ್ದೆಗಣ್ಣಲ್ಲಿ ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಬರೀ ಕಾಲುಚೀಲ, ಮೈಮೇಲೆ ಕಂಬಳಿ, ಕೈಯಲ್ಲಿ ಗುರುತಿನ ಚೀಟಿ. ಹೀಗೆ ಓಡಿಬಂದವರ ತಲೆ ಎಣಿಸುವವರೂ ವಿದ್ಯಾರ್ಥಿಗಳೇ. ಎಣಿಕೆ ತಪ್ಪುತ್ತ ಬಂದರೆ ಡೇರೆ ಕ್ಯೂನ ಬಾಲಕ್ಕೆ. ಬೇಡಿಕೆ ಮಿತಿಮೀರಿದ ವರ್ಷಗಳಲ್ಲಿ ತಂಡದ ಚರಿತ್ರೆಯ ಮೇಲೆ ಲಿಖಿತ ಪರೀಕ್ಷೆಯನ್ನೂ ಇಟ್ಟದ್ದುಂಟು. ದೇಶದ ಕಠಿಣ ಪ್ರವೇಶ ಪರೀಕ್ಷೆಗಳನ್ನು ದಾಟಿ ಬಂದ ಮಕ್ಕಳು ಹುಲ್ಲಿನ ಮೇಲೆ ಮಲಗಲು ಮತ್ತೊಂದು ಪರೀಕ್ಷೆ ಬರೆಯುತ್ತಾರೆ. ಶುಲ್ಕ ಕಟ್ಟಿದ ತಂದೆತಾಯಿಯರಿಗೆ ಹೇಗನಿಸುತ್ತದೋ, ದೇವರೇ ಬಲ್ಲ.

ತರಬೇತುದಾರರ ವಿಷಯದಲ್ಲಿ ಎರಡೂ ಕಡೆ ಸಮಸಮ. ಕ್ಯಾರೊಲಿನಾದ ಡೀನ್ ಸ್ಮಿತ್ 1961ರಿಂದ 1997ರವರೆಗೆ 879 ಪಂದ್ಯ ಗೆದ್ದರು. ಇದೇ ಮಹಾನುಭಾವರ ಪ್ರತಿಕೃತಿಯನ್ನು 1965ರಲ್ಲಿ ಸ್ವಂತ ವಿದ್ಯಾರ್ಥಿಗಳೇ ನೇಣಿಗೇರಿಸಿದ್ದರು. 1980ರಲ್ಲಿ ಡ್ಯೂಕ್‌ಗೆ ಬಂದ ಶಶೆಫ್‌ಸ್ಕಿಯನ್ನು ಮೂರೇ ವರ್ಷಕ್ಕೆ ಮನೆಗೆ ಕಳಿಸಿ ಎಂದು ಹಳೆಯ ವಿದ್ಯಾರ್ಥಿಗಳು ಬೊಬ್ಬೆ ಹೊಡೆದಿದ್ದರು. ಅವರು ಮನೆಗೆ ಹೋದದ್ದು 2022ರಲ್ಲಿ, ಐದು ರಾಷ್ಟ್ರೀಯ ಪ್ರಶಸ್ತಿಗಳ ಸಮೇತ. ಸ್ಮಿತ್ 2015ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ತಮ್ಮ ಕೈಕೆಳಗೆ ಆಡಿದ ಪ್ರತಿಯೊಬ್ಬರಿಗೂ ಹೊರಗೆ ಊಟ ಮಾಡಲೆಂದು 200 ಡಾಲರ್ ಬರೆದಿದ್ದರು. ಕೋಟ್ಯಧಿಪತಿ ಮೈಕೆಲ್ ಜೋರ್ಡನ್ ಕೂಡ ಅವರ ಶಿಷ್ಯ.

ಆಟದ ತಂತ್ರಕ್ಕೆ ಒಂದು ಉದಾಹರಣೆ ಸಾಕು. ಇಂತಿಷ್ಟು ಸೆಕೆಂಡಿನೊಳಗೆ ಚೆಂಡೆಸೆಯಬೇಕೆಂಬ ನಿಯಮವಿರದ ಕಾಲದಲ್ಲಿ, 1979ರ ಫೆಬ್ರವರಿ 24ರಂದು, ಕ್ಯಾಮರಾನ್‌ನಲ್ಲಿ ಸ್ಮಿತ್ ತಂಡ ಚೆಂಡನ್ನು ಕೈಯಿಂದ ಕೈಗೆ ದಾಟಿಸುತ್ತಲೇ ಹೊತ್ತು ಕಳೆಯಿತು. ಅರ್ಧ ಪಂದ್ಯಕ್ಕೆ ಡ್ಯೂಕ್ 7, ಕ್ಯಾರೊಲಿನಾ 0. ಕ್ಯಾರೊಲಿನಾದವರು ಅಪರೂಪಕ್ಕೆ ಎಸೆದ ಚೆಂಡು ಬುಟ್ಟಿಯ ಬಳೆಗೂ ತಾಗದೆ ಹೋದಾಗ ಡ್ಯೂಕ್ ವಿದ್ಯಾರ್ಥಿಗಳು ‘ಏರ್ ಬಾಲ್’ ಎಂದು ರಾಗವಾಗಿ ಕೂಗಿದರು. ಆ ಕೂಗು ಇಂದು ದೇಶದ ಎಲ್ಲ ಅಂಗಣಗಳ ಆಸ್ತಿ. ದ್ವಿತೀಯಾರ್ಧದಲ್ಲಿ ಎರಡೂ ತಂಡ ತಲಾ 40 ಗಳಿಸಿ, ಕೊನೆಗೆ 47–40. ಉಪಾಯ ಮಾಡದೆ ಆಡಿದ್ದರೆ ಪಂದ್ಯ ಸಮವಾಗುತ್ತಿತ್ತು ಎಂದು ಲೆಕ್ಕ ಬಲ್ಲವರು ಹೇಳುತ್ತಾರೆ.

ರಾಷ್ಟ್ರೀಯ ಪ್ರಶಸ್ತಿಗಳು ಕ್ಯಾರೊಲಿನಾಕ್ಕೆ 6, ಡ್ಯೂಕ್‌ಗೆ 5. ಟೂರ್ನಿಯೇ ಇಲ್ಲದ 1924ರ ಸಾಲಿಗೆ ಒಂದು ಸಂಸ್ಥೆ ಆಮೇಲೆ ದಯಪಾಲಿಸಿದ ಪಟ್ಟವನ್ನೂ ಸೇರಿಸಿ ಕ್ಯಾರೊಲಿನಾದವರು ಏಳು ಎನ್ನುತ್ತಾರೆ. ಪರಸ್ಪರ ಪಂದ್ಯಗಳಲ್ಲೂ ಅವರೇ ಮುಂದು.

ಪಂದ್ಯಕ್ಕೆ ಮುಂಚಿನ ವಾರ ಪತ್ರಿಕೆಗಳು ಎರಡೂ ತಂಡಗಳನ್ನು ಅಕ್ಕಪಕ್ಕ ಪಟ್ಟಿ ಮಾಡಿ ತೂಗುತ್ತವೆ: ಗಾರ್ಡ್‌ಗೆ ಗಾರ್ಡ್, ಸೆಂಟರ್‌ಗೆ ಸೆಂಟರ್, ಮೀಸಲು ಆಟಗಾರರಿಗೆ ಮೀಸಲು. ಯಾವ ಪಟ್ಟಿಯಲ್ಲೂ ಶೂ ಇರುವುದಿಲ್ಲ. 2019ರ ಫೆಬ್ರವರಿ 20ರಂದು, ಬರಾಕ್ ಒಬಾಮಾ ಕೂಡ ಬಂದು ಕುಳಿತಿದ್ದ ಪಂದ್ಯದಲ್ಲಿ, ಮೊದಲ ನಿಮಿಷವೂ ಮುಗಿಯದೆ ಡ್ಯೂಕ್‌ನ ಜಯಾನ್ ವಿಲಿಯಮ್ಸನ್ ಶೂ ಕಿತ್ತುಹೋಗಿ ಮೊಣಕಾಲು ನೊಂದು ಹೊರನಡೆದ. ಕ್ಯಾರೊಲಿನಾ 88–72ರಿಂದ ಗೆದ್ದಿತು. ಮರುದಿನ ಶೂ ಕಂಪನಿಯ ಷೇರೂ ಕುಂಟಿತು. 2022ರ ಮಾರ್ಚ್ 5ರಂದು ಶಶೆಫ್‌ಸ್ಕಿ ತವರಿನಲ್ಲಿ ಕೊನೆಯ ಪಂದ್ಯಕ್ಕೆ ನಿಂತಾಗ ಹಳೆಯ ಶಿಷ್ಯರೆಲ್ಲ ನೆರೆದಿದ್ದರು, ಬೀಳ್ಕೊಡುಗೆಗೆ ಎಲ್ಲವೂ ಸಿದ್ಧವಿತ್ತು. ಕ್ಯಾರೊಲಿನಾ 94–81ರಿಂದ ಗೆದ್ದು ಸಮಾರಂಭಕ್ಕೆ ಸೂತಕದ ಕಳೆ ತಂದಿತು. ಸಾಲದ್ದಕ್ಕೆ ಏಪ್ರಿಲ್ 2ರಂದು ನ್ಯೂ ಆರ್ಲಿಯನ್ಸ್‌ನಲ್ಲಿ, ರಾಷ್ಟ್ರೀಯ ಟೂರ್ನಿಯಲ್ಲಿ ಇಬ್ಬರೂ ಮೊಟ್ಟಮೊದಲ ಸಲ ಮುಖಾಮುಖಿಯಾದಾಗ, 81–77ರಿಂದ ಮತ್ತೆ ಸೋಲಿಸಿ ಶಶೆಫ್‌ಸ್ಕಿಯ ವೃತ್ತಿಗೇ ತೆರೆ ಎಳೆಯಿತು. ಎರಡು ದಿನ ಕಳೆದು ಫೈನಲ್‌ನಲ್ಲಿ ಕ್ಯಾರೊಲಿನಾ ಕ್ಯಾನ್ಸಸ್‌ಗೆ ಸೋತಿತು. ಹೆಚ್ಚು ಜನ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ, ಮುಖ್ಯ ಕೆಲಸ ಆಗಲೇ ಮುಗಿದಿತ್ತು.

ಗೆಲುವಿನ ಮುಂದಿನ ವಿಧಿ ಎರಡೂ ಊರಿನಲ್ಲಿ ಬೆಂಕಿಯದೇ. ಚಾಪೆಲ್ ಹಿಲ್‌ನವರು ಫ್ರಾಂಕ್ಲಿನ್ ಬೀದಿಗೆ ನುಗ್ಗಿ, ಕೈಗೆ ಸಿಕ್ಕಿದ್ದನ್ನು ನಡುರಸ್ತೆಯಲ್ಲಿ ಗುಡ್ಡೆಹಾಕಿ ಸುಟ್ಟು, ಅದರ ಮೇಲೆ ಹಾರುತ್ತಾರೆ. ಡ್ಯೂಕ್‌ನವರು ಹಾಸ್ಟೆಲ್ ಮುಂದಿನ ಮರದ ಬೆಂಚುಗಳನ್ನು ಹೊತ್ತು ತಂದು ಸುಡುತ್ತಾರೆ. ಅದಕ್ಕೆ ಅಗ್ನಿಶಾಮಕದವರ ಅನುಮತಿ ಪತ್ರವನ್ನು ವಿಶ್ವವಿದ್ಯಾಲಯವೇ ಮುಂಚಿತವಾಗಿ ಪಡೆದಿಟ್ಟಿರುತ್ತದೆ. ಬೆಂಚುಗಳನ್ನು ಮತ್ತೆ ಕಟ್ಟಿಕೊಳ್ಳುವುದು ಹಾಸ್ಟೆಲಿನವರ ಜವಾಬ್ದಾರಿ.