ನಖ-ಮಾಂಸ ಗಡಿ ತಕರಾರು: ಒಂದು ಶಾಸ್ತ್ರೀಯ ವಿವೇಚನೆ

ಕನ್ನಡ ಸಂಶೋಧನೆ ಕೈಯಿಡದ ಜಾಗವಿಲ್ಲ ಎಂಬ ಮಾತು ವಿದ್ವತ್ ವಲಯದಲ್ಲಿ ಚಾಲ್ತಿಯಲ್ಲಿದೆ. ಕೈಯಿಟ್ಟಿರಬಹುದು, ಕಾಲಿಟ್ಟಿಲ್ಲ. ಶಾಸನದಲ್ಲಿ ಅಳಿಸಿಹೋದ ಒಂದು ಸೊನ್ನೆಗಾಗಿ ಇಬ್ಬರು ಪಂಡಿತರು ಮೂವತ್ತು ವರ್ಷ ಮಾತು ಬಿಡುವ ನಾಡಿನಲ್ಲಿ, ಕಾಲಿನ ಹೆಬ್ಬೆರಳಿನ ಉಗುರು ಪಕ್ಕದ ಮಾಂಸಕ್ಕೆ ನುಗ್ಗುವ ವಿದ್ಯಮಾನದ ಬಗ್ಗೆ ಒಂದು ವಿಚಾರಸಂಕಿರಣಕ್ಕೂ ನನ್ನನ್ನು ಯಾರೂ ಕರೆದಿಲ್ಲ. ಈ ಕೊರತೆಯನ್ನು ತುಂಬಲು ಪ್ರಸ್ತುತ ಲೇಖಕ ತನ್ನ ಬಲಗಾಲನ್ನೇ ಆಕರವಾಗಿ ಒದಗಿಸಿದ್ದಾನೆ. ಕ್ಷೇತ್ರಕಾರ್ಯ ಹನ್ನೊಂದು ವಾರ ನಡೆಯಿತು. ಬಹುಪಾಲು ಮಂಚದ ಮೇಲೆ.

ಮೊದಲು ನಾಮವಿಚಾರ. ಗ್ರೀಕಿನಲ್ಲಿ ಓನಿಕ್ಸ್ ಎಂದರೆ ಉಗುರು, ಕ್ರಿಪ್ಟೋಸ್ ಎಂದರೆ ಅಡಗಿದ್ದು. ಎರಡನ್ನೂ ಬೆಸೆದು ವೈದ್ಯರು ಓನಿಕೊಕ್ರಿಪ್ಟೋಸಿಸ್ ಎನ್ನುತ್ತಾರೆ. ಇಷ್ಟು ದೊಡ್ಡ ಹೆಸರು ಕೇಳಿಯಾದರೂ ನೋವು ಹೆದರಬೇಕಿತ್ತು. ನಮ್ಮಲ್ಲಿ ಇದನ್ನು ಉಗುರುಸುತ್ತು ಎಂದು ಕರೆದು ಕೈತೊಳೆದುಕೊಳ್ಳುವವರಿದ್ದಾರೆ, ಅದು ಶಾಸ್ತ್ರಸಮ್ಮತವಲ್ಲ. ಉಗುರುಸುತ್ತು ಎಂದರೆ ಉಗುರಿನ ಸುತ್ತಲ ಚರ್ಮಕ್ಕೆ ಸೋಂಕು ತಗುಲಿ ಬಾಯುವುದು. ನಮ್ಮ ಪ್ರಕರಣದಲ್ಲಿ ಉಗುರೇ ಒಂದನೇ ಆರೋಪಿ. ಸೋಂಕು ಆಮೇಲೆ ಬಂದು ಸೇರಿಕೊಳ್ಳುವ ಎರಡನೇ ಆರೋಪಿ. ಇನ್ನು ತಮಿಳರ ಉಗಿರ್, ತೆಲುಗರ ಗೋರು, ನಮ್ಮ ಉಗುರು ಒಂದೇ ಬೇರಿನವು. ಆ ಬೇರನ್ನು ಸುಡುವ ವಿಧಾನವನ್ನು ಮುಂದೆ ಹೇಳಲಾಗುವುದು.

ಉಗುರಿನ ಸ್ವರೂಪವನ್ನು ಮೊದಲು ಅರಿತವನು ನರಸಿಂಹ. ಜೀವವಿರುವುದರಿಂದಲೂ ಸಾವು ಬೇಡ, ಜೀವವಿಲ್ಲದ್ದರಿಂದಲೂ ಬೇಡ ಎಂದು ಹಿರಣ್ಯಕಶಿಪು ವರ ಕೇಳಿದ್ದನಷ್ಟೆ. ದೇವರು ಉಗುರನ್ನು ಆರಿಸಿಕೊಂಡ. ಇಂದಿನ ವೈದ್ಯಶಾಸ್ತ್ರವೂ ಅಲ್ಲಿಗೇ ಬಂದು ನಿಂತಿದೆ: ನಾವು ಕತ್ತರಿಸುವ ಭಾಗ ಕೆರಾಟಿನ್ ಎಂಬ ಸತ್ತ ವಸ್ತು, ಚರ್ಮದಡಿ ಅಡಗಿರುವ ಬುಡ ಮಾತ್ರ ಸಜೀವ. ಕೈಯುಗುರು ತಿಂಗಳಿಗೆ ಸುಮಾರು ಮೂರೂವರೆ ಮಿಲಿಮೀಟರ್ ಬೆಳೆದರೆ ಕಾಲುಗುರು ಅದರ ಅರ್ಧವೂ ಬೆಳೆಯುವುದಿಲ್ಲ. ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಇಷ್ಟು ಸೋಮಾರಿಯಾದದ್ದು ಇಷ್ಟು ಕಿರುಕುಳ ಕೊಡುವುದನ್ನು ನಾನು ನನ್ನ ಭಾವಮೈದುನನ ವಿನಾ ಬೇರೆಲ್ಲೂ ಕಂಡಿಲ್ಲ. ಹಿರಣ್ಯಕಶಿಪುವಿಗಾದರೂ ಹೊಕ್ಕಿದ್ದು ಬೇರೆಯವರ ಉಗುರು. ನನಗೆ ಸ್ವಂತದ್ದು.

ಈಗ ಮುಖ್ಯ ವಾದ. ಇದು ರೋಗವಲ್ಲ, ಒತ್ತುವರಿ. ಎರಡು ಹಿಡುವಳಿಗಳು ಅಕ್ಕಪಕ್ಕ. ನಡುವೆ ಒಂದು ಬದು. ಒತ್ತಿದವರು ಯಾರು ಎಂಬಲ್ಲಿ ವಿದ್ವಾಂಸರು ಎರಡು ಪಂಗಡವಾಗಿದ್ದಾರೆ. ಉಗುರು ಮಾಂಸಕ್ಕೆ ನುಗ್ಗಿತು ಎಂಬುದು ಪೂರ್ವಪಕ್ಷ. 1959ರಲ್ಲಿ ಅಮೆರಿಕದ ವ್ಯಾಂಡೆನ್‌ಬಾಸ್ ಮತ್ತು ಬವರ್ಸ್ ಎಂಬ ವೈದ್ಯರು ಇದನ್ನು ತಲೆಕೆಳಗು ಮಾಡಿದರು. ಉಗುರು ಪಾಪದ್ದು, ಮೈಭಾರ ಬಿದ್ದಾಗ ಪಕ್ಕದ ಮಾಂಸವೇ ಉಬ್ಬಿ ಬದು ದಾಟುತ್ತದೆ, ಆದ್ದರಿಂದ ಕತ್ತರಿಸಬೇಕಾದ್ದು ಮಾಂಸವನ್ನು ಎಂದರು, ಕತ್ತರಿಸಿಯೂ ತೋರಿಸಿದರು. ಮುಳ್ಳು ಎಲೆಯ ಮೇಲೆ ಬಿದ್ದರೂ ಎಲೆ ಮುಳ್ಳಿನ ಮೇಲೆ ಬಿದ್ದರೂ ಹರಿಯುವುದು ಎಲೆಯೇ ಎಂದು ನಮ್ಮ ಗಾದೆ ಈ ವ್ಯಾಜ್ಯವನ್ನು ಎಂದೋ ಇತ್ಯರ್ಥ ಮಾಡಿದೆ.

ತಕರಾರು ಮೂರು ಹಂತದಲ್ಲಿ ಬಲಿಯುತ್ತದೆಂದು 1937ರಲ್ಲೇ ಹೈಫೆಟ್ಜ್ ಎಂಬವರು ವಿಂಗಡಿಸಿದ್ದಾರೆ. ಮೊದಲು ಕೆಂಪು, ಊತ, ನೋವು. ಆಮೇಲೆ ಕೀವು. ಕೊನೆಗೆ ಸಂದಿಯಲ್ಲಿ ಮುಟ್ಟಿದರೆ ರಕ್ತ ಜಿನುಗುವ ಹಸಿ ಮಾಂಸ ಬೆಳೆದು ಬದುವನ್ನೇ ಮುಚ್ಚಿಬಿಡುತ್ತದೆ. ಅಂದರೆ ಒತ್ತುವರಿ ಜಾಗದಲ್ಲಿ ಮನೆ ಎದ್ದಿದೆ, ಕರೆಂಟೂ ಬಂದಿದೆ. ಅಕ್ರಮ-ಸಕ್ರಮಕ್ಕೆ ಅರ್ಜಿ ಹಾಕುವುದಷ್ಟೇ ಬಾಕಿ.

ಕಾರಣಮೀಮಾಂಸೆ. ನಮ್ಮಜ್ಜ ಎಂಬತ್ತು ವರ್ಷ ಬರಿಗಾಲಲ್ಲೋ ಚಪ್ಪಲಿಯಲ್ಲೋ ಓಡಾಡಿದವರು. ಅವರ ಹೆಬ್ಬೆರಳುಗಳು ಕೊನೆಯವರೆಗೂ ಗೌಡರ ಗತ್ತಿನಲ್ಲಿ ಆಚೀಚೆ ಜಾಗ ಬಿಟ್ಟುಕೊಂಡು ಕೂತಿದ್ದವು. ನಾನು ಆ ಭಾವಮೈದುನನ ಆರತಕ್ಷತೆಗೆಂದು ಚೂಪುಮೂತಿಯ ಬೂಟು ಕೊಂಡೆ. ಐದು ಬೆರಳಿನ ಸಂಸಾರವನ್ನು ಎರಡು ಬೆರಳಿನ ಜಾಗದಲ್ಲಿ ಹೂಡಿದ್ದು ಮೊದಲ ತಪ್ಪು. ಉಗುರಿನ ಮೂಲೆಗಳನ್ನು ಅಂದವಾಗಿ ದುಂಡಗೆ, ಒಳಗಿನವರೆಗೆ ಕತ್ತರಿಸಿದ್ದು ಎರಡನೆಯದು. ಹಾಗೆ ಕತ್ತರಿಸುವಾಗ ಸಂದಿಯಲ್ಲಿ ಕಣ್ಣಿಗೆ ಕಾಣದ ಒಂದು ಚೂಪು ಚೂರು ಉಳಿಯುತ್ತದೆ. ಉಗುರು ಮುಂದಕ್ಕೆ ಬೆಳೆದಂತೆ ಅದು ಮಾಂಸವನ್ನು ಉಳುತ್ತಾ ಹೋಗುತ್ತದೆ. ರಾತ್ರಿ ಹೊತ್ತು ಉಗುರು ಕತ್ತರಿಸಬಾರದು ಎಂದು ಹಿರಿಯರು ಹೇಳಿದ್ದು ಲಕ್ಷ್ಮಿಯ ಸಲುವಾಗಿ ಎಂದು ನಂಬಿದ್ದೆ. ಬುಡ್ಡಿದೀಪದಲ್ಲಿ ಮೂಲೆ ಕಾಣುವುದಿಲ್ಲ ಎಂಬುದು ನನ್ನ ಈಗಿನ ಪ್ರಮೇಯ.

ಚಿಕಿತ್ಸಾಖಂಡವನ್ನು ಅಮ್ಮನಿಂದ ಆರಂಭಿಸುವುದು ಸಂಪ್ರದಾಯ. "ನಿಂಬೆಹಣ್ಣು ಸಿಕ್ಕಿಸ್ಕೊಳೋ, ಮೂರು ದಿನದಲ್ಲಿ ಇಳಿಯುತ್ತೆ" ಎಂದರು. ಅದು ಕೈಬೆರಳಿನ ಉಗುರುಸುತ್ತಿಗೆ ಹೇಳಿದ ಮದ್ದು ಎಂಬ ನನ್ನ ಆಕ್ಷೇಪ ತಿರಸ್ಕೃತವಾಯಿತು. ಹೆಬ್ಬೆರಳಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಜಗಲಿಯಲ್ಲಿ ಕೂತವನನ್ನು ನೋಡಿ ಎದುರುಮನೆಯವರು, "ಏನ್ ಸಾರ್, ಹೊಸ ಗಾಡಿ ತಗೊಂಡ್ರಾ?" ಎಂದು ಕೇಳಿದರು. ಉಗುರಿನ ನಡುವೆ ಕಚ್ಚು ಹಾಕಿದರೆ ಅಂಚುಗಳು ನಡುವಿಗೆ ಸರಿಯುತ್ತವೆ ಎಂದು ಇನ್ನೊಬ್ಬರು ಹೇಳಿಹೋದರು. ಸತ್ತ ಉಗುರಿಗೆ ಹಾಗೆ ಮನಸ್ಸು ಬದಲಿಸಲು ಬರುವುದಿಲ್ಲ. ಬೆಳವಣಿಗೆ ನಡೆಯುವುದು ಬುಡದಲ್ಲಿ.

ಮೊದಲ ಹಂತದಲ್ಲಿ ನಿಜಕ್ಕೂ ಕೆಲಸಕ್ಕೆ ಬರುವ ಮದ್ದನ್ನು ಕನ್ನಡ ಭಾಷೆ ತನ್ನೊಳಗೇ ಇಟ್ಟುಕೊಂಡಿದೆ. ಉಗುರುಬೆಚ್ಚಗಿನ ನೀರು! ಅದಕ್ಕೆ ಬೆರಳುಬೆಚ್ಚಗೆ ಎನ್ನದೆ ಉಗುರುಬೆಚ್ಚಗೆ ಎಂದೇಕೆ ಅಂದರೆಂದು ನಿಘಂಟುಕಾರರು ಏನೇ ಹೇಳಲಿ, ನಾನಂತೂ ಇದನ್ನು ಪೂರ್ವಿಕರ ಔಷಧಚೀಟಿ ಎಂದೇ ಓದುತ್ತೇನೆ. ದಿನಕ್ಕೆ ಮೂರ್ನಾಲ್ಕು ಸಲ, ಹತ್ತಿಪ್ಪತ್ತು ನಿಮಿಷ ಕಾಲಿಟ್ಟು ಕೂರಬೇಕು. ಮೆತ್ತಗಾದ ಮೇಲೆ ಒರೆಸಿ, ಉಗುರಿನ ಅಂಚನ್ನು ಮೆಲ್ಲಗೆ ಎತ್ತಿ, ಅಡಿಗೆ ಹತ್ತಿಯ ಎಳೆಯನ್ನು ತೂರಿಸಬೇಕು, ದಿನವೂ ಬದಲಿಸಬೇಕು. ಇದೇ ಹದ್ದುಬಸ್ತು. ಬೂಟನ್ನು ಅಟ್ಟಕ್ಕೆ ಹಾಕಬೇಕು. ಬಹಳ ಮಂದಿಯ ತಕರಾರು ಇಷ್ಟರಲ್ಲೇ ರಾಜಿಯಾಗುತ್ತದೆ.

ನನ್ನದು ಆಗಲಿಲ್ಲ. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಏಕೆ ಎಂಬ ಗಾದೆಯನ್ನು ವೈದ್ಯರ ಮುಂದೆ ಮಂಡಿಸಿದೆ. "ಉಗುರಲ್ಲಿ ಹೋಗೋ ಕಾಲದಲ್ಲಿ ನೀವು ಬರ್ಲಿಲ್ವಲ್ಲ ಸಾರ್" ಎಂದರು. ಬೆರಳಿನ ಬುಡಕ್ಕೆ ಎರಡೂ ಕಡೆ ಮರಗಟ್ಟಿಸುವ ಸೂಜಿ ಚುಚ್ಚಿದರು. ಸತ್ಯ ಹೇಳುವುದಾದರೆ ಇಡೀ ಪ್ರಕರಣದಲ್ಲಿ ನಖಶಿಖಾಂತ ಎಂಬ ಪದದ ಪೂರ್ಣಾರ್ಥ ಹೊಳೆದದ್ದು ಆ ಎರಡು ಕ್ಷಣಗಳಲ್ಲಿ. ಆಮೇಲೆ ಏನೂ ಗೊತ್ತಾಗಲಿಲ್ಲ. ಮಾಂಸ ಹೊಕ್ಕಿದ್ದ ಅಂಚನ್ನಷ್ಟೇ ಉದ್ದಕ್ಕೆ ಸೀಳಿ ತೆಗೆದು, ಅದರ ಬುಡಕ್ಕೆ ಫಿನಾಲ್ ಒತ್ತಿ ಸುಟ್ಟರು. 1860ರ ದಶಕದಲ್ಲಿ ಗ್ಲ್ಯಾಸ್ಗೋದ ಜೋಸೆಫ್ ಲಿಸ್ಟರ್ ಗಾಯ ಕೊಳೆಯದಂತೆ ಬಳಸಿದ ಕಾರ್ಬಾಲಿಕ್ ಆಸಿಡ್ ಇದೇ. ಉಗುರಿನ ಬುಡಕ್ಕೆ ಇದನ್ನು ಬಳಸುವ ಕ್ರಮವನ್ನು ಒಟ್ಟೊ ಬಾಲ್ ಎಂಬವರು 1945ರಲ್ಲಿ ವಿವರಿಸಿದರು. ಬುಡ ಸುಡದೆ ಬರೀ ಉಗುರು ಕಿತ್ತರೆ ಅದು ಮತ್ತೆ ಬೆಳೆದು ಮತ್ತೆ ಅಲ್ಲಿಗೇ ಬರುವ ಸಂಭವ ಹೆಚ್ಚು. ಬೇಲಿ ಕಿತ್ತ ಮಾತ್ರಕ್ಕೆ ಒತ್ತುವರಿದಾರ ಊರು ಬಿಡುವುದಿಲ್ಲ. ಈ ಭಾಗವನ್ನು ಓದಿ ಯಾರೂ ಬಚ್ಚಲುಮನೆಯ ಫಿನಾಯಿಲ್ ಸೀಸೆಗೆ ಕೈ ಹಾಕಕೂಡದು.

ಒಂದು ಮಾತನ್ನು ಮಾತ್ರ ಪಾಂಡಿತ್ಯ ಪಕ್ಕಕ್ಕಿಟ್ಟು ಹೇಳುತ್ತೇನೆ. ಸಕ್ಕರೆ ಕಾಯಿಲೆಯವರು, ಪಾದದಲ್ಲಿ ಸ್ಪರ್ಶ ಕಡಿಮೆಯಾದವರು, ಕಾಲಿಗೆ ರಕ್ತ ಸರಿಯಾಗಿ ಹರಿಯದವರು ಹತ್ತಿ, ಕತ್ತರಿ, ನಿಂಬೆಹಣ್ಣು ಯಾವುದನ್ನೂ ಮುಟ್ಟದೆ ನೆಟ್ಟಗೆ ವೈದ್ಯರ ಬಳಿ ಹೋಗಬೇಕು. ಅವರ ಕಾಲಿನ ಸಣ್ಣ ಗಾಯ ಸಣ್ಣದಾಗಿ ಉಳಿಯುವುದಿಲ್ಲ.

ಗಾಯ ಕೆಲವು ವಾರ ಜಿನುಗಿ ಒಣಗಿತು. ಬೂಟನ್ನು ಭಾವಮೈದುನನಿಗೇ ಕೊಟ್ಟಿದ್ದೇನೆ, ಅಳತೆ ಸರಿಹೋಗಿದೆಯಂತೆ. ಸುಟ್ಟ ಬುಡದಿಂದ ಉಗುರು ಮತ್ತೆ ಹುಟ್ಟುವುದಿಲ್ಲವಾದ್ದರಿಂದ ನನ್ನ ಬಲಗಾಲಿನ ಹೆಬ್ಬೆರಳಿನ ಉಗುರು ಈಗ ಮೊದಲಿಗಿಂತ ಮೂರು ಮಿಲಿಮೀಟರ್ ಕಿರಿದು. ಪಹಣಿಯಲ್ಲಿ ಹಾಗೆಯೇ ನಮೂದಾಗಲಿ, ನನ್ನ ತಕರಾರಿಲ್ಲ.