ಖಜಾನೆ ರಾಯರ ಗೃಹರಕ್ಷೆ

ನಮ್ಮ ಎದುರು ಮನೆಯ ಖಜಾನೆ ರಾಯರು ನಿವೃತ್ತರಾಗಿ ಹದಿನಾಲ್ಕು ವರ್ಷವಾಯಿತು. ಖಜಾನೆ ಮಾತ್ರ ಅವರಿಂದ ಇನ್ನೂ ನಿವೃತ್ತವಾಗಿಲ್ಲ. ಮೂವತ್ತಾರು ವರ್ಷ ಪರರ ಬಿಲ್ಲುಗಳಿಗೆ ಆಕ್ಷೇಪಣೆ ಬರೆದ ಕೈ ಅದು. ರೆವಿನ್ಯೂ ಸ್ಟ್ಯಾಂಪು ಓರೆಯಾಗಿದೆ ಎಂದು ಯಾವುದೋ ಮೇಷ್ಟರ ಪ್ರಯಾಣಭತ್ಯೆಯ ಬಿಲ್ಲನ್ನು ಮೂರು ಸಲ ವಾಪಸು ಕಳಿಸಿದ್ದನ್ನು ಈಗಲೂ ಮೈಸೂರುಪಾಕು ಮೆಲ್ಲುವವರ ಹಾಗೆ ನೆನೆಯುತ್ತಾರೆ. ಹಾಲಿನವನ ಲೆಕ್ಕದ ಪುಸ್ತಕದಲ್ಲೂ ಅವರ ಕೆಂಪು ಶಾಯಿಯ ಟಿಪ್ಪಣಿ ಉಂಟು.

2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜರಿದು ಮನೆಗಳು ಮಣ್ಣುಪಾಲಾದದ್ದನ್ನು ಟಿ.ವಿ.ಯಲ್ಲಿ ಕಂಡಾಗ ರಾಯರಿಗೆ ಮನೆಗೆ ವಿಮೆ ಮಾಡಿಸುವ ಯೋಚನೆ ಬಂತು. ಬಂದ ಯೋಚನೆಯನ್ನು ಪದ್ಧತಿಯಂತೆ ಕಡತಕ್ಕೆ ಸೇರಿಸಿ ಮೂರು ವರ್ಷ ಇಟ್ಟುಕೊಂಡರು. 2021ರ ಏಪ್ರಿಲ್ 1ರಿಂದ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ನಮೂನೆಯ ಪಾಲಿಸಿ ಎಲ್ಲ ಕಂಪನಿಗಳಲ್ಲೂ ಸಿಗುತ್ತದೆ ಎಂದು ಗೊತ್ತಾದ ಮೇಲೆ ಕಡತ ಕದಲಿತು. ಏಪ್ರಿಲ್ ಒಂದನೇ ತಾರೀಕು ಎಂದರೆ ನಮಗೆ ಬೇರೆ ಏನೋ ನೆನಪಾಗುತ್ತದೆ. ರಾಯರಿಗೆ ಅದು ಆರ್ಥಿಕ ವರ್ಷದ ಯುಗಾದಿ.

ಏಜೆಂಟ್ ಹುಡುಗ ಬಂದು ಕೂತ.

“ಮನೆ ಬೆಲೆ ಒಂದೂವರೆ ಕೋಟಿ. ಬರ್ಕೊಳ್ಳಪ್ಪ.”

“ಸೈಟಿನ ಬೆಲೆ ಸೇರೋಲ್ಲ ಸಾರ್. ಮನೆ ಬಿದ್ರೂ ಸೈಟು ಎಲ್ಲಿಗೆ ಹೋಗುತ್ತೆ? ಮತ್ತೆ ಕಟ್ಟೋ ಖರ್ಚು ಮಾತ್ರ ಲೆಕ್ಕ. ಕಾರ್ಪೆಟ್ ಏರಿಯಾ 1500 ಚದರಡಿ, ಅಡಿಗೆ 2000 ರೂಪಾಯಿ ಅಂದ್ರೂ 30 ಲಕ್ಷ. ಅದರಲ್ಲಿ ಶೇಕಡಾ 20, ಅಂದ್ರೆ 6 ಲಕ್ಷ, ಒಳಗಿನ ಸಾಮಾನಿಗೆ ತಾನಾಗೇ ಸಿಗುತ್ತೆ. ಎಷ್ಟು ದೊಡ್ಡ ಮನೆ ಆದ್ರೂ ಈ ಬಾಬ್ತು 10 ಲಕ್ಷ ದಾಟೋಲ್ಲ.”

ಐದು ನಿಮಿಷದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಕಡಿತವಾಗಿತ್ತು. ರಾಯರು ಸಿಟ್ಟಾಗಲಿಲ್ಲ. ಕಡಿತ ಮಾಡುವ ಕೈ ಕಂಡರೆ ಅವರಿಗೆ ಗೌರವ. ಹುಡುಗನಿಗೆ ಎರಡನೇ ಲೋಟ ಕಾಫಿ ಬಂತು.

ಮೊದಲ ವರ್ಷ ಕಳೆಯಿತು. “ಈ ವರ್ಷ ಏನೂ ಆಗ್ಲಿಲ್ಲ ಸ್ವಾಮಿ” ಎಂದರು ರಾಯರು, ಗಂಡಿನ ಕಡೆಯವರು ಒಪ್ಪಲಿಲ್ಲ ಎನ್ನುವ ಧ್ವನಿಯಲ್ಲಿ. “ಎಲ್ಲೈಸಿ ಆದ್ರೆ ಬದುಕಿ ಉಳಿದ್ರೂ ದುಡ್ಡು ಬರುತ್ತೆ. ಇದರಲ್ಲಿ ಮನೆ ನೆಟ್ಟಗೆ ನಿಂತಿದ್ರೆ ಕಟ್ಟಿದ್ದೆಲ್ಲ ನೀರಲ್ಲಿ ಹೋಮ.”

ಆಮೇಲೆ ಶುರುವಾಯಿತು ಹುಡುಕಾಟ. ಮಳೆ ಬಂದ ಮಾರನೆಯ ಬೆಳಿಗ್ಗೆ ಜನ ಮನೆಗೇನಾದರೂ ಆಯಿತೇ ಎಂದು ಹೆದರಿ ನೋಡಿದರೆ, ರಾಯರು ಆಸೆಯಿಂದ ನೋಡುವರು. ಬಚ್ಚಲ ಗೋಡೆ ಒದ್ದೆಯಾಗಿತ್ತು. ಕಂಪನಿಗೆ ಫೋನ್ ಮಾಡಿದರು. ಪೈಪು ಒಡೆದು, ಇಲ್ಲವೆ ತೊಟ್ಟಿ ಉಕ್ಕಿ ಹಾನಿಯಾದರೆ ಉಂಟು, ವರ್ಷಾನುಗಟ್ಟಲೆ ಜಿನುಗಿ ಗೋಡೆ ಹಾಳಾದರೆ ಅದು ಮನೆಯವರ ರಿಪೇರಿ ಎಂದರು. ಅಂದಿನಿಂದ ಆ ಹಳೆಯ ಪೈಪಿನ ಮುಂದೆ ಅವರು ಒಂದು ಗಳಿಗೆ ನಿಂತೇ ಮುಂದೆ ಹೋಗುವುದು. ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತಿತು. ಅದೂ ಇಲ್ಲ. ಮಿಕ್ಸಿ ಶಾರ್ಟ್ ಆಗಿ ಸುಟ್ಟಿತು. ಸುಟ್ಟ ಮಿಕ್ಸಿಗೆ ಇಲ್ಲ, ಅದರಿಂದ ಬೆಂಕಿ ಹಬ್ಬಿ ಬೇರೆ ಸಾಮಾನು ಸುಟ್ಟಿದ್ದರೆ ಇತ್ತು.

“ಚಟ್ನಿ ರುಬ್ಬುವಾಗ ನೀನು ಅಷ್ಟು ಬೇಗ ಸ್ವಿಚ್ ಆರಿಸಬಾರದಿತ್ತು ಕಣೇ.”

“ಹೌದು ರೀ, ಸೆರಗಿಗೂ ಹತ್ತಲಿ ಅಂತ ಕಾಯ್ಬೇಕಿತ್ತು” ಎಂದರು ರಾಯರ ಹೆಂಡತಿ.

ಕೊನೆಗೆ ರಾಯರು ಭೂತಗನ್ನಡಿ ಹಿಡಿದು ಪಾಲಿಸಿಯನ್ನೇ ಓದಲು ಕೂತರು. ಮೂರನೆಯ ದಿನ ನನ್ನನ್ನು ಕರೆದಾಗ ಅವರ ಮುಖದಲ್ಲಿ ದರ್ಶನವಾದವರ ಕಳೆ ಇತ್ತು.

“ನೋಡಿ ಸ್ವಾಮಿ, ಸುನಾಮಿ ಬಂದ್ರೆ ಕೊಡ್ತಾರೆ. ನಮ್ಮ ಮೈಸೂರು ಸಮುದ್ರಮಟ್ಟದಿಂದ ಏಳುನೂರು ಮೀಟರಿಗೂ ಮೇಲಿದೆ! ಜ್ವಾಲಾಮುಖಿಗೆ ಕೊಡ್ತಾರೆ. ಕ್ಷಿಪಣಿ ಪರೀಕ್ಷೆ ಮಾಡೋವಾಗ ಬಂದು ಬಿದ್ರೆ ಕೊಡ್ತಾರೆ. ಚಾಮುಂಡಿ ಬೆಟ್ಟ ಬೆಂಕಿ ಕಾರಿದ್ರೆ ಉಂಟು, ನಮ್ಮ ಚೌಕಟ್ಟಿನ ಗೆದ್ದಲಿಗಿಲ್ಲ. ಕಳ್ಳತನದ ಕಲಮು ಓದಿದ್ರಾ? ಬರೀ ಕಳ್ಳ ಬಂದ್ರೆ ಸಾಲದು. ಭೂಕಂಪವೋ ಪ್ರವಾಹವೋ ಆಗಿರಬೇಕು, ಕಳ್ಳತನಕ್ಕೆ ಅದೇ ಕಾರಣವಾಗಿರಬೇಕು, ಆದ ಏಳು ದಿನದೊಳಗೆ ಕಳ್ಳ ಬರಬೇಕು. ಎಂಟನೇ ದಿನ ಬಂದವನಿಗೆ ಈ ಪಾಲಿಸಿ ಜವಾಬ್ದಾರಿ ಅಲ್ಲ. ಸುಮ್ಮನೆ ಬರೋ ಕಳ್ಳನಿಗೆ ಬೇರೆ ಪಾಲಿಸಿ ಮಾಡಿಸ್ಬೇಕು. ಎಂಥಾ ಡ್ರಾಫ್ಟಿಂಗು! ಇದನ್ನು ಬರೆದವನು ನಮ್ಮ ಖಜಾನೇಲಿ ಇರಬೇಕಿತ್ತು.”

ಒಡವೆಗೆ ಬೇಕಾದರೆ ಹೆಚ್ಚಿನ ಹಣ ಕಟ್ಟಿ ಬೇರೆಯಾಗಿ ಸೇರಿಸಬೇಕು, ನಗದಿಗೆ ರಕ್ಷಣೆಯೇ ಇಲ್ಲ ಎಂದು ಓದಿ, ರಾಯರು ಒಳಕ್ಕೆ ಕೂಗಿದರು: “ಲೇ, ಮನೇಲಿ ನಗದು ಏನಾದ್ರೂ ಇದೆಯೇನೇ?”

“ಎಲ್ಲಿಂದ ಬರ್ಬೇಕು ರೀ?” ಎಂಬ ಉತ್ತರ ಬಂತು. ಅಂದು ಸಂಜೆಯೇ ಸಾಸಿವೆ ಡಬ್ಬಿ ಜಾಗ ಬದಲಾಯಿಸಿತು ಎಂದು ನನ್ನ ಹೆಂಡತಿಯ ವರದಿ.

ಈ ಸಲದ ಮೇ ತಿಂಗಳ ಗಾಳಿಮಳೆಗೆ ರಸ್ತೆಬದಿಯ ಮರದ ದೊಡ್ಡ ಕೊಂಬೆ ರಾಯರ ವರಾಂಡದ ಹೆಂಚಿನ ಮೇಲೆ ಬಿತ್ತು. ನಾವೆಲ್ಲ ಓಡಿದೆವು. ರಾಯರು ಪಂಚೆ ಕಟ್ಟಿ, ಟಾರ್ಚು ಹಿಡಿದು, ಮಗನ ಮದುವೆಗೆ ಬಂದವರನ್ನು ಎದುರುಗೊಳ್ಳುವಂತೆ ನಿಂತಿದ್ದರು. “ಯಾರೂ ಮುಟ್ಟಬೇಡಿ! ಬಿರುಗಾಳಿ ಒಂದು ಕಲಮು, ಮರ ಬಿದ್ದದ್ದು ಇನ್ನೊಂದು ಕಲಮು!”

ರಾತ್ರಿಯೆಲ್ಲ ಕೂತು ಫೋಟೋ, ಅಂದಾಜುಪಟ್ಟಿ, ಅನುಬಂಧ ಒಂದರಿಂದ ಐದರವರೆಗೆ ತ್ರಿಪ್ರತಿಯಲ್ಲಿ ಸಿದ್ಧ ಮಾಡಿದರು. ಬರಬಹುದಾದ ಹದಿನೆಂಟು ಆಕ್ಷೇಪಣೆಗಳಿಗೆ ಹದಿನೆಂಟು ಸಮಜಾಯಿಷಿ ಬರೆದಿಟ್ಟುಕೊಂಡರು. ಸರ್ವೇಯರ್ ಬಂದ, ಹೆಂಚು ಎಣಿಸಿದ, ಮೊಬೈಲಿನಲ್ಲಿ ಚಿತ್ರ ತೆಗೆದ. ಹೊರಡುವಾಗ, “ಕೊಂಬೆ, ಒಡೆದ ಹೆಂಚು ಸಾಗಿಸೋ ಖರ್ಚು ನೀವು ಹಾಕೇ ಇಲ್ಲ ಸಾರ್, ಕ್ಲೇಮಿನ ಶೇಕಡಾ 2ರವರೆಗೆ ಸಿಗುತ್ತೆ” ಎಂದು ತಾನೇ ಸೇರಿಸಿಕೊಂಡ. ಕೆಲವೇ ದಿನದಲ್ಲಿ ಅಷ್ಟೂ ಹಣ ಖಾತೆಗೆ ಬಂತು.

ಅಭಿನಂದಿಸಲು ಹೋದೆ. ರಾಯರು ಮಂಕಾಗಿ ಕೂತಿದ್ದರು.

“ಒಂದು ಆಕ್ಷೇಪಣೆ ಇಲ್ಲದೆ ಬಿಲ್ ಪಾಸ್ ಮಾಡೋದೇ ಸ್ವಾಮಿ? ಒಂದು ಸಲವಾದ್ರೂ ವಾಪಸು ಕಳಿಸಬಾರದಾ? ಆ ಹೆಂಚಿನಲ್ಲಿ ಹನ್ನೊಂದು ಮೊದಲೇ ಸೀಳಿದ್ದವು. ಕೊಂಬೆ ಬೀಳೋ ಮೊದಲೇ ಒಡೆದದ್ದಕ್ಕೆ ಅವರು ಕೊಡೋ ಹಾಗಿಲ್ಲ. ನೋಡ್ಬೇಡವಾ?”

ಆ ರಾತ್ರಿ ರಾಯರು ಕೆಂಪು ಶಾಯಿಯ ಪೆನ್ನು ತೆಗೆದು, ತಮ್ಮ ಕ್ಲೇಮಿಗೆ ತಾವೇ ಆಕ್ಷೇಪಣೆ ಬರೆದು, ಹನ್ನೊಂದು ಹೆಂಚಿನ ಹಣಕ್ಕೆ ಚೆಕ್ಕು ಲಗತ್ತಿಸಿ, ಅಂಚೆಗೆ ಹಾಕೆಂದು ಹೆಂಡತಿಯ ಕೈಗೆ ಕೊಟ್ಟರು. ಅದಾಗಿ ತಿಂಗಳಾಯಿತು. ಕಂಪನಿಯಿಂದ ಉತ್ತರವಿಲ್ಲ, ಇಂಥ ಪತ್ರಕ್ಕೂ ಜವಾಬು ಬರೆಯದ ಆಫೀಸು ಎಂಥದು ಎಂದು ರಾಯರು ದಿನವೂ ಗೇಟಿನ ಹತ್ತಿರ ಪೋಸ್ಟ್‌ಮನ್ನಿಗೆ ಕಾಯುತ್ತಾರೆ.

ಲಕೋಟೆ ಸಾಸಿವೆ ಡಬ್ಬಿಯಲ್ಲಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಡಬ್ಬಿ ಎಲ್ಲಿದೆ ಎಂಬುದು ಯಾವ ಕಲಮಿನಲ್ಲೂ ಇಲ್ಲ.